ಶನಿವಾರದ ಕೊಹಾ ಅಭ್ಯಾಸದ ಬಗ್ಗೆ

ಗೆಳೆಯರೇ, ಶನಿವಾರ ಬೆಳಿಗ್ಗೆ 10ಕ್ಕೆ ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶವಾದ ಕೊಹಾದ ಅಭ್ಯಾಸವಿದೆ. ಬೇಲೂರು, ಸಕಲೇಶಪುರದಿಂದ ಹಾಸನಕ್ಕೆ ಬರುವವರು ಬೇಗನೆ ಬಸ್ಸು ಹಿಡಿಯಿರಿ. ಇರುವುದು ಎಂಟೇ ಕಂಪ್ಯೂಟರ್.

ಪ್ರತಿಯೊಬ್ಬರೂ ಒಂದು ಕನ್ನಡ ಪುಸ್ತಕ ತನ್ನಿ. ಕೊಹಾದಲ್ಲಿ ಪುಸ್ತಕದ ವಿವರ ತುಂಬುವ ಖಾನೆಗಳೇ ಟ್ಯಾಗ್‌ಗಳು. ಶೀರ್ಷಿಕೆ 245ನೇ ಟ್ಯಾಗ್‌ಗೆ, ಲೇಖಕರ ಹೆಸರು 100ಕ್ಕೆ. ಮೊನ್ನೆ ನಾನು ಅದಲುಬದಲು ಮಾಡಿ ಲೇಖಕರನ್ನೇ ಪುಸ್ತಕವಾಗಿಸಿದ್ದೆ. ಅದಕ್ಕಿಂತ ದೊಡ್ಡ ಪಜೀತಿ ಅಕ್ಷರಗಳದು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿದ್ದ ಶೀರ್ಷಿಕೆಯನ್ನು ತಂದು ಅಂಟಿಸಿದೆ. ಪರದೆಯ ಮೇಲೆ ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಪುಸ್ತಕವೇ ನಾಪತ್ತೆ. ಆದ್ದರಿಂದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಇದನ್ನು ಕೇಳಿ ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸಬೇಡಿ! ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.