ಮೂರು ಮಾತ್ರೆಗೆ ಇಳಿದ ಉಬ್ಬಸ

ಪ್ರೀತಿಯ ಸುರೇಶ,

ನಿನ್ನ ಪತ್ರ ಓದಿದೆ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಹಿಡಿದ ಉಬ್ಬಸ ಅಜಿತ್ರೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ಕಿನ ಮೂರು ಮಾತ್ರೆಗೆ ಇಳಿಯಿತು, ಇನ್ನು ಎದೆ ಗುಂಯ್ ಅಂದಾಗಲೆಲ್ಲ ಅದೇ ಸಾಕು ಅಂತ ಬರೆದಿದ್ದೀಯ. ತೀರ್ಥಹಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಇದು ಹೊಸ ಮಾತಲ್ಲ. ಮಳೆ ಹಿಡಿದರಂತೂ 'ಆ ಮೂರು ಮಾತ್ರೆ ಕೊಡಿ' ಅಂತ ಕೇಳುವವರೇ ಜಾಸ್ತಿ.

ಸುಮ್ನೆ ಬೈಯುವುದಿಲ್ಲ ಮಾರಾಯ. ಆ ಔಷಧಿಗೂ ಶ್ವಾಸನಾಳಕ್ಕೂ ನಂಟಿರುವುದು ನಿಜ. 1980ರ ದಶಕದಲ್ಲಿ ಜಪಾನಿನ ವೈದ್ಯರು ಇದೇ ಜಾತಿಯ ಎರಿತ್ರೋಮೈಸಿನ್ ಅನ್ನು ಒಂದು ಕಾಯಿಲೆಗೆ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಟ್ಟು ನೋಡಿದರು. ಸಣ್ಣ ಶ್ವಾಸನಾಳಗಳು ಊದಿಕೊಂಡು ಬಹಳ ಜನ ಸಾಯುತ್ತಿದ್ದ ಕಾಯಿಲೆ ಅದು. ರೋಗಿಗಳಲ್ಲಿ ಹೆಚ್ಚಿನವರು ಬದುಕಿಕೊಂಡರು. ತಮಾಷೆ ಅಂದರೆ, ಆ ಔಷಧಿಗೆ ಜಗ್ಗದ ಕ್ರಿಮಿ ಕಫದಲ್ಲಿದ್ದವರೂ ಸುಧಾರಿಸಿದರು. ಅಂದಮೇಲೆ ಕ್ರಿಮಿ ಕೊಲ್ಲುವುದಷ್ಟೇ ಅದರ ಕೆಲಸವಲ್ಲ. ಒಳಗಿನ ಉರಿಯೂತವನ್ನೂ ತಗ್ಗಿಸುತ್ತದೆ, ಕಫವನ್ನೂ ಕಡಿಮೆ ಮಾಡುತ್ತದೆ.

ಅಸ್ತಮಾದವರ ಶ್ವಾಸನಾಳ ಮುಟ್ಟಿದರೆ ಮುನಿ ಇದ್ದ ಹಾಗೆ. ಅಡಿಕೆ ಬೇಯಿಸುವ ಒಲೆಯ ಹೊಗೆ, ಸಿಪ್ಪೆಯ ಧೂಳು, ಬೆಳಗಿನ ಚಳಿಗಾಳಿ, ಏನು ತಾಗಿದರೂ ಬಿಗಿದುಕೊಳ್ಳುತ್ತದೆ. ಮೆಥಾಕೋಲಿನ್ ಅನ್ನುವ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಉಸಿರಿನ ಜೊತೆ ಎಳೆಸಿ, ಎಷ್ಟಕ್ಕೆ ಬಿಗಿಯುತ್ತದೆ ಅಂತ ಅಳೆಯುತ್ತಾರೆ. ಈ ಜಾತಿಯ ಔಷಧಿಯನ್ನು ವಾರಗಟ್ಟಲೆ ಕೊಟ್ಟ ಕೆಲವು ಸಣ್ಣ ಪರೀಕ್ಷೆಗಳಲ್ಲಿ ಆ ಸೂಕ್ಷ್ಮತೆ ತಗ್ಗಿದ್ದು ಕಂಡಿದೆ. 2017ರಲ್ಲಿ ಆಸ್ಟ್ರೇಲಿಯಾದಿಂದ 420 ಜನರ ಪರೀಕ್ಷೆಯೊಂದರ ಫಲಿತಾಂಶ ಬಂತು. ವಾರಕ್ಕೆ 3 ಸಲ 500 ಮಿಲಿಗ್ರಾಂ ಅಜಿತ್ರೋಮೈಸಿನ್, 48 ವಾರ. ಅಸ್ತಮಾ ಕೆರಳುವುದು ಶೇಕಡಾ 40ರಷ್ಟು ಕಡಿಮೆಯಾಯಿತು. ಆದರೆ ಅವರೆಲ್ಲ ಇನ್ಹೇಲರ್ ಬಿಡದೆ ಎಳೆಯುತ್ತಿದ್ದವರು. ಕಿವಿ ಮಂದ ಇದ್ದವರನ್ನು, ಇಸಿಜಿಯಲ್ಲಿ ದೋಷ ಕಂಡವರನ್ನು ಸೇರಿಸಿಕೊಂಡಿರಲಿಲ್ಲ. ಈ ಔಷಧಿ ಕಿವಿಗೂ ಹೃದಯದ ಬಡಿತಕ್ಕೂ ತೊಂದರೆ ಕೊಡಬಲ್ಲದು.

ನಿನ್ನ ಮೂರು ದಿನದ ಕೋರ್ಸನ್ನೂ ಬ್ರಿಟನ್ನಿನವರು ಪರೀಕ್ಷಿಸಿದ್ದಾರೆ. 2016ರಲ್ಲಿ ಅದರ ಫಲಿತಾಂಶ ಬಂದಿದ್ದು. ಅಸ್ತಮಾ ಕೆರಳಿದಾಗ ದಿನಕ್ಕೆ 500 ಮಿಲಿಗ್ರಾಂ, 3 ದಿನ. ಔಷಧಿಯಿಲ್ಲದ ಹುಸಿಮಾತ್ರೆ ನುಂಗಿದವರಿಗಿಂತ ಜಾಸ್ತಿ ಗುಣವೇನೂ ಕಾಣಲಿಲ್ಲ. ಇನ್ನೊಂದು ಸಂಗತಿ ಕೇಳು. ಪರೀಕ್ಷೆಗೆ ಒಬ್ಬರು ಸಿಗುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ವಾಪಸ್ ಕಳಿಸಬೇಕಾಯಿತಂತೆ. ಅವರೆಲ್ಲ ಆಗಲೇ ಆ್ಯಂಟಿಬಯೋಟಿಕ್ ನುಂಗಿದ್ದರು! ಅಲ್ಲೂ ನಮ್ಮ ಊರಿನದೇ ಕಥೆ, ಅಲ್ವಾ?

ನಿನಗೆ ಕಡಿಮೆಯಾಗಿದ್ದು ಸುಲಿಯುವ ಕೆಲಸ ಮುಗಿದು ಒಲೆ ಆರಿದ್ದಕ್ಕೂ ಇರಬಹುದು. ಹೀಗೆ ಆಗಾಗ ಮೂರು ಮೂರು ನುಂಗುತ್ತಿದ್ದರೆ ಉಬ್ಬಸ ಹಾಗೇ ಇರುತ್ತದೆ, ಕ್ರಿಮಿಗಳು ಮಾತ್ರ ಔಷಧಿಗೆ ಬಗ್ಗದಂತಾಗುತ್ತವೆ. ಶಿವಮೊಗ್ಗಕ್ಕೆ ಹೋಗಿ ಶ್ವಾಸಕೋಶದ ಡಾಕ್ಟರಿಗೆ ತೋರಿಸು. ಬಿಪಿ ಮಾತ್ರೆ ತಗೊಳ್ಳುವುದನ್ನೂ ಹೇಳು. ಇನ್ಹೇಲರ್ ಬರೆದುಕೊಟ್ಟರೆ 'ಅದು ಅಭ್ಯಾಸ ಆಗಿಬಿಡುತ್ತೆ' ಅಂತ ಅತ್ತಿಗೆಯ ಹತ್ತಿರ ರಾಗ ಎಳೆಯಬೇಡ. ಇನ್ಹೇಲರ್ ಎಳೆಯುವ ಕ್ರಮ ನಾನೇ ತೋರಿಸಿಕೊಡುತ್ತೇನೆ. ಆ ಮೂರು ಮಾತ್ರೆ ಮಾತ್ರ ಚೀಟಿ ಇಲ್ಲದೆ ನನ್ನ ಅಂಗಡಿಯಲ್ಲಿ ನಿನಗೂ ಸಿಗುವುದಿಲ್ಲ.

ನಿನ್ನ,
ಪ್ರಕಾಶ