ನೋಂದಣಿ ಪುಟ: ಎಲ್ಲ ಬ್ರೌಸರ್‌ಗಳಲ್ಲೂ ನೋಡಿ
ಪುಣೆ ವೆಬ್ ತಂಡದ ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ನೋಂದಣಿ ಪುಟವನ್ನು ಬರೀ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ನೋಡಿ ‘ಓಕೆ’ ಅನ್ನಬೇಡಿ. ನಮ್ಮಲ್ಲಿ ಐಫೋನಿಗೆ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಸಫಾರಿಯ ಎಂಜಿನ್, ಅಂದರೆ ಪುಟವನ್ನು ಪರದೆಗೆ ತರುವ ತಂತ್ರಾಂಶವಾದ ವೆಬ್‌ಕಿಟ್ಟೇ. ಲ್ಯಾಪ್‌ಟಾಪಿನ ಕ್ರೋಮ್‌ನಲ್ಲೇ ಫೋನಿನಂತೆ ತೋರಿಸುವ ಡಿವೈಸ್ ಮೋಡ್ ಪರದೆಯ ಅಳತೆ ಬದಲಿಸುತ್ತದೆ, ಎಂಜಿನ್ ಅಲ್ಲ. ಪುಣೆಯ ಹಿಂಜೆವಾಡಿ ಕಡೆಯವರ ಹತ್ತಿರ ಹಳೆಯ ಐಫೋನ್ ಇದ್ದರೆ ಅದರಲ್ಲೇ ತೆರೆದು ನೋಡಿ.

‘ಮುಂದೆ’ ಬಟನ್ ಬ್ರೌಸರ್‌ನ ಕೆಳಗಿನ ಪಟ್ಟಿಯ ಹಿಂದೆ ಅಡಗಿದರೆ ಕಾರಣ ಸಾಮಾನ್ಯವಾಗಿ 100ವಿಎಚ್ (100vh), ಅಂದರೆ ‘ಪರದೆಯ ಪೂರ್ತಿ ಎತ್ತರ’ ಎನ್ನುವ ಸಿಎಸ್‌ಎಸ್ (ಪುಟದ ವಿನ್ಯಾಸದ ಕೋಡ್) ಅಳತೆ. ಮೊಬೈಲಿನಲ್ಲಿ ಅದು ವಿಳಾಸಪಟ್ಟಿಯ ಎತ್ತರವನ್ನು ಕಳೆಯುವುದಿಲ್ಲ. ಆ ಸಾಲನ್ನು ಹಾಗೇ ಬಿಟ್ಟು, ಅದರ ಕೆಳಗಿನ ಸಾಲಿನಲ್ಲಿ 100ಡಿವಿಎಚ್ (100dvh, ಆ ಕ್ಷಣಕ್ಕೆ ನಿಜವಾಗಿ ಕಾಣುವ ಎತ್ತರ) ಸೇರಿಸಿ. ಹಳೆಯ ಬ್ರೌಸರ್ ತನಗೆ ತಿಳಿಯದ ಎರಡನೇ ಸಾಲನ್ನು ಬಿಟ್ಟು ಮೊದಲನೆಯದನ್ನೇ ಹಿಡಿಯುತ್ತದೆ. ಹೊಸದು ಕೊನೆಯ ಸಾಲನ್ನು ಹಿಡಿಯುತ್ತದೆ, ಹಾಗಾಗಿ ಕ್ರಮ ತಿರುಗಿಸಿದರೆ ಕೆಲಸ ಕೆಟ್ಟಿತು.

ಇನ್‌ಪುಟ್ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನ್ ಮುಟ್ಟಿದೊಡನೆ ಜೂಮ್ ಆಗುತ್ತದೆ. ಕನ್ನಡಕ್ಕೆ ಸಾಲಿನ ಎತ್ತರ 1.6 ಇಡಿ, 1.2 ಇಟ್ಟು ಓವರ್‌ಫ್ಲೋ ಹಿಡನ್ (ಚೌಕಟ್ಟು ಮೀರಿದ್ದನ್ನು ಮರೆಮಾಡು) ಮಾಡಿದರೆ ‘ಶುಲ್ಕ’, ‘ರಾಷ್ಟ್ರ’ಗಳ ಒತ್ತು ಕತ್ತರಿಸಿಹೋಗಬಹುದು. ಇಂಗ್ಲಿಷ್ ಥೀಮ್‌ಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ದೋಷ ಕಂಡರೆ ಸ್ಕ್ರೀನ್‌ಶಾಟ್ ಜೊತೆ ಫೋನ್ ಮಾದರಿ, ಬ್ರೌಸರ್ ಆವೃತ್ತಿ ಬರೆಯಿರಿ. ‘ನನ್ನಲ್ಲಿ ಬರ್ತಿಲ್ಲ’ ಎಂಬಷ್ಟರಿಂದ ಏನೂ ಹುಡುಕಲಾಗದು. ಗುರುವಾರ ಕರೆಂಟ್ ಹೋಗುವ ಕಥೆ ಗೊತ್ತೇ ಇದೆಯಲ್ಲ, ಬುಧವಾರ ರಾತ್ರಿಯೊಳಗೆ ಕಳಿಸಿ.