ಹಾಸು ಹಾಕದೆ ಲಾಳಿ ಎಸೆಯುವ ಸೆಮಿಸ್ಟರ್

ಸಂಪಾದಕರಿಗೆ,

ಮಾನ್ಯರೇ,

ಪದವಿ ಕಾಲೇಜುಗಳಲ್ಲಿ ಹಾಜರಾತಿ ಕುಸಿಯುತ್ತಿದೆ, ಪಾಠ ಮುಗಿಯುವ ಮೊದಲೇ ಪರೀಕ್ಷೆ ಬಂದುಬಿಡುತ್ತಿದೆ ಎಂಬ ವರದಿಯನ್ನೂ, ಇದಕ್ಕೆಲ್ಲ ಉಪನ್ಯಾಸಕರ ಮೈಗಳ್ಳತನವೇ ಕಾರಣವೆಂದು ಓದುಗರೊಬ್ಬರು ಬರೆದ ಪತ್ರವನ್ನೂ ತಮ್ಮ ಪತ್ರಿಕೆಯಲ್ಲಿ ಓದಿದೆ. ಮೈಗಳ್ಳರು ಎಲ್ಲ ಇಲಾಖೆಗಳಲ್ಲಿರುವಂತೆ ನಮ್ಮಲ್ಲಿಯೂ ಇದ್ದಾರೆ, ಅವರ ಪರವಾಗಿ ವಕಾಲತ್ತು ವಹಿಸುವ ಇಚ್ಛೆ ನನಗಿಲ್ಲ. ಆದರೆ ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ವೇಳಾಪಟ್ಟಿ ಸಮಿತಿಯ ಸಂಚಾಲಕನಾಗಿದ್ದು, ಈಗ ನಿವೃತ್ತನಾಗಿರುವ ನನ್ನ ಅನುಭವದಲ್ಲಿ, ಸೆಮಿಸ್ಟರಿನ ಅರ್ಧದಷ್ಟು ಹಾನಿ ಮೊದಲ ಪಿರಿಯಡ್ಡಿನ ಗಂಟೆ ಬಾರಿಸುವುದಕ್ಕೂ ಮುಂಚೆಯೇ ಆಗಿಹೋಗಿರುತ್ತದೆ. ಅದು ಹೇಗೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅವಕಾಶ ಕೊಡಬೇಕು.

ವೇಳಾಪಟ್ಟಿ ಬರೆಯುವುದು ಹೊರಗಿನವರಿಗೆ ಗುಮಾಸ್ತರ ಕೆಲಸದಂತೆ ಕಾಣುತ್ತದೆ. ವಾರಕ್ಕೆ ಆರು ದಿನ, ದಿನಕ್ಕೆ ಆರು ಪಿರಿಯಡ್ ಎಂದರೆ ಒಂದೊಂದು ತರಗತಿಗೆ 36 ಮನೆಗಳು. ಇತಿಹಾಸದ ಜೊತೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಆರಿಸಿಕೊಂಡವರೂ, ಇತಿಹಾಸದ ಜೊತೆ ಸಮಾಜಶಾಸ್ತ್ರ, ಐಚ್ಛಿಕ ಕನ್ನಡ ಆರಿಸಿಕೊಂಡವರೂ ಇತಿಹಾಸದ ಪಾಠಕ್ಕೆ ಒಂದೇ ಕೊಠಡಿಯಲ್ಲಿ ಕೂಡಬೇಕು, ಮುಂದಿನ ಗಂಟೆಗೆ ಚದುರಿ ಬೇರೆ ಬೇರೆ ಕೊಠಡಿಗಳಿಗೆ ಹೋಗಬೇಕು, ಅಷ್ಟರಲ್ಲಿ ಬಿ.ಕಾಂ. ವಿದ್ಯಾರ್ಥಿಗಳು ತಮ್ಮ ಕೊಠಡಿಯನ್ನು ಬಿಟ್ಟುಕೊಟ್ಟಿರಬೇಕು. ಕನ್ನಡ ಮತ್ತು ಹಿಂದಿ ಭಾಷಾ ತರಗತಿಗಳು ಒಂದೇ ಹೊತ್ತಿಗೆ ನಡೆಯಬೇಕು. ನಮ್ಮಲ್ಲಿದ್ದ ಕೊಠಡಿಗಳು ಎಂಟು. ನಾನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿಯೇ ಬರೆಯುತ್ತಿದ್ದೆ. ರಬ್ಬರಿನಿಂದ ಉಜ್ಜಿ ಉಜ್ಜಿ ಬುಧವಾರ, ಗುರುವಾರದ ಒಂದೆರಡು ಮನೆಗಳಲ್ಲಿ ಹಾಳೆಯೇ ತೂತು ಬೀಳುತ್ತಿತ್ತು. ಆದರೂ ಇದು ಕೂತು ಬಿಡಿಸಿದರೆ ಬಿಡಿಸಲು ಬರುವ ಗಂಟು. ನಿಜವಾದ ಗಂಟು ಉಪನ್ಯಾಸಕರ ಹೆಸರುಗಳದ್ದು.

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊರುವವರು ಅತಿಥಿ ಉಪನ್ಯಾಸಕರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸೆಮಿಸ್ಟರಿನ ಮೊದಲ ದಿನ ಅವರಿನ್ನೂ ನೇಮಕವಾಗಿರುವುದಿಲ್ಲವಾದ್ದರಿಂದ, ಹೆಸರಿರಬೇಕಾದ ಜಾಗದಲ್ಲಿ ನಾನು 'ಅ.ಉ.' ಎಂದು ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತಿದ್ದೆ. ಒಂದು ವರ್ಷ ಮೊದಲ ಸೆಮಿಸ್ಟರಿಗೆ ಸೇರಿದ್ದ ಹುಡುಗಿಯೊಬ್ಬಳು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತು ಓದಿ, ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಸರ್, ಈ ಅ.ಉ. ಅಂದ್ರ ಯಾರ್ರೀ? ಎಲ್ಲಾ ವಿಷಯಾನೂ ಅವರ ಕಲಸ್ತಾರೇನ್ರೀ?" ಎಂದು ಕೇಳಿದಳು. ನಾವೆಲ್ಲ ನಕ್ಕೆವು. ಆಕೆಗೆ ಆ 'ಅ.ಉ.'ಗಳ ಮುಖ ಕಾಣಸಿಕ್ಕಿದ್ದು ಐದು ವಾರಗಳ ಮೇಲೆ.

ಈ ವಿಳಂಬಕ್ಕೆ ಕೊಡುವ ಕಾರಣ ಹೀಗಿದೆ: ದಾಖಲಾತಿ ಮುಗಿಯದೆ ತರಗತಿಗೆ ಎಷ್ಟು ಸೆಕ್ಷನ್ನುಗಳೆಂಬುದು ಗೊತ್ತಾಗದು, ಅದು ಗೊತ್ತಾಗದೆ ಕಾರ್ಯಭಾರದ, ಅಂದರೆ ಒಟ್ಟು ಬೋಧನೆಯ ಗಂಟೆಗಳ, ಲೆಕ್ಕ ಸಿದ್ಧವಾಗದು, ಕಾಯಂ ಉಪನ್ಯಾಸಕರ ಪಾಲನ್ನು ಕಳೆದು ಉಳಿದ ಗಂಟೆಗಳಿಗೆ ಮೇಲಿನಿಂದ ಮಂಜೂರಾತಿ ಸಿಗದೆ ಅತಿಥಿಗಳನ್ನು ಕರೆಯುವಂತಿಲ್ಲ. ಕೇಳಲು ಸರಿಯಾಗಿಯೇ ಇದೆ. ಆದರೆ ಹೊಸ ದಾಖಲಾತಿ ಆಗುವುದು ಮೊದಲ ಸೆಮಿಸ್ಟರಿಗೆ ಮಾತ್ರವಲ್ಲವೇ? ಮೂರನೆಯ ಮತ್ತು ಐದನೆಯ ಸೆಮಿಸ್ಟರಿಗೆ ಬರುವವರು ಹಿಂದಿನ ವರ್ಷದಿಂದ ನಮ್ಮ ಕಣ್ಣ ಮುಂದೆಯೇ ಓಡಾಡಿಕೊಂಡಿರುವ ಮಕ್ಕಳು. ಅವರ ವಿಷಯಗಳು ಗೊತ್ತು, ಸಂಖ್ಯೆ ಗೊತ್ತು. ಒಬ್ಬಿಬ್ಬರು ಮದುವೆಯಾಗಿಯೋ ಊರು ಬಿಟ್ಟೋ ಕಡಿಮೆಯಾದರೂ ಅದರಿಂದ ಪಿರಿಯಡ್ಡುಗಳ ಸಂಖ್ಯೆ ಬದಲಾಗದು. ಅಂದರೆ ಬೆಸ ಸೆಮಿಸ್ಟರಿನ ಬಹುಪಾಲು ಕಾರ್ಯಭಾರ ಹಿಂದಿನ ಸೆಮಿಸ್ಟರಿನ ಪರೀಕ್ಷೆ ನಡೆಯುತ್ತಿರುವಾಗಲೇ ನಿಖರವಾಗಿ ತಿಳಿದಿರುತ್ತದೆ. ಇನ್ನು ಎರಡು, ನಾಲ್ಕು, ಆರನೆಯ ಸೆಮಿಸ್ಟರುಗಳಿಗಂತೂ ಹೊಸಬರು ಯಾರೂ ಬರುವುದೇ ಇಲ್ಲ. ಹಾಗಿದ್ದ ಮೇಲೆ ಸಮ ಸೆಮಿಸ್ಟರಿಗೂ ಅತಿಥಿಗಳ ಪಟ್ಟಿ ತಡವಾಗುವುದಕ್ಕೆ ದಾಖಲಾತಿಯ ನೆಪ ಹೇಗೆ ಹೊಂದುತ್ತದೆಯೋ ನನಗೆ ಇಂದಿಗೂ ಅರ್ಥವಾಗಿಲ್ಲ. ಗೊತ್ತಿರುವ ಕಾರ್ಯಭಾರಕ್ಕೆ ಮೊದಲೇ ಮಂಜೂರಾತಿ ಕೊಟ್ಟು, ಮೊದಲ ಸೆಮಿಸ್ಟರಿನದನ್ನು ಮಾತ್ರ ದಾಖಲಾತಿಯ ನಂತರ ಸೇರಿಸುವುದಕ್ಕೆ ಹೊಸ ಹಣವೇನೂ ಬೇಕಾಗಿಲ್ಲ. ಈ ಪತ್ರದಲ್ಲಿ ನಾನು ಮುಖ್ಯವಾಗಿ ಕೇಳುತ್ತಿರುವುದು ಇದನ್ನೇ.

ತಡವಾದರೆ ಏನಾಗುತ್ತದೆಂಬುದು ಸರಳ ಗಣಿತ. ಒಂದು ಸೆಮಿಸ್ಟರಿನಲ್ಲಿ 90 ದಿನ ಪಾಠ ನಡೆಯಬೇಕೆಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹಾಕಿಕೊಟ್ಟ ಅಳತೆ. ಅದನ್ನು ನಾವು ಸುಮಾರು 16 ವಾರಗಳೆಂದು ಹಿಡಿಯುತ್ತೇವೆ. ವಾರಕ್ಕೆ ನಾಲ್ಕು ಗಂಟೆಯ ವಿಷಯಕ್ಕೆ ಕಾಗದದ ಮೇಲೆ 64 ಗಂಟೆ ಸಿಗುತ್ತದೆ. ಮೊದಲ ಐದು ವಾರ ಉಪನ್ಯಾಸಕರಿಲ್ಲದೆ ಹೋದರೆ 20 ಗಂಟೆ ಹೋಯಿತು. ಎರಡು ಕಿರುಪರೀಕ್ಷೆ, ಕ್ರೀಡಾಕೂಟ, ದಸರೆ, ದೀಪಾವಳಿ, ಹಿಂದಿನ ಸೆಮಿಸ್ಟರಿನ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಉಪನ್ಯಾಸಕರು ಹೋಗುವ ದಿನಗಳು, ಇವನ್ನೆಲ್ಲ ಕಳೆದರೆ 35 ಗಂಟೆ ಉಳಿದೀತು. ಐದು ಘಟಕಗಳ ಪಠ್ಯದಲ್ಲಿ ಮೂರನ್ನು ಕಲಿಸಿ, ನಾಲ್ಕನೆಯದನ್ನು ಓಡಿಸಿ, ಐದನೆಯದಕ್ಕೆ ಝೆರಾಕ್ಸ್ ಅಂಗಡಿಯ ದಾರಿ ತೋರಿಸುವುದನ್ನು ಬಿಟ್ಟು ಬೇರೆ ಉಪಾಯವಿರುವುದಿಲ್ಲ. ಬನಹಟ್ಟಿ, ರಬಕವಿಯ ಯಾವ ನೇಕಾರನೂ ಮಗ್ಗಕ್ಕೆ ಉದ್ದನೂಲಿನ ಹಾಸು ಹಾಕದೆ ಅಡ್ಡನೂಲಿನ ಲಾಳಿ ಎಸೆಯುವುದಿಲ್ಲ. ನಾವು ಪ್ರತಿ ವರ್ಷ ಅದನ್ನೇ ಮಾಡುತ್ತೇವೆ.

ಅತಿಥಿಗಳು ಬಂದ ಮೇಲೂ ವೇಳಾಪಟ್ಟಿಯನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ. 2022ರ ಜನವರಿಯಲ್ಲಿ ಸರ್ಕಾರ ಅವರ ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಏರಿಸಿ, ವಿದ್ಯಾರ್ಹತೆ ಮತ್ತು ಸೇವಾವಧಿಗೆ ತಕ್ಕಂತೆ ತಿಂಗಳಿಗೆ 26,000ದಿಂದ 32,000 ರೂಪಾಯಿವರೆಗೆ ಗೌರವಧನ ನಿಗದಿಪಡಿಸಿತು. ಗೌರವಧನ ಏರಿದ್ದು ನ್ಯಾಯವೇ, ಇನ್ನೂ ಏರಬೇಕು. ಆದರೆ ಒಂದು ವಿಭಾಗದಲ್ಲಿ 22 ಗಂಟೆ ಉಳಿದಿದ್ದರೆ ಒಬ್ಬರಿಗೆ ಪೂರ್ತಿ 15, ಮತ್ತೊಬ್ಬರಿಗೆ ಏಳು ಬರುತ್ತದೆ; ಆ ಏಳು ಗಂಟೆಯವರು ಇನ್ನೊಂದು ಊರಿನ ಕಾಲೇಜಿನಲ್ಲಿಯೂ ಕಲಿಸುವವರಾದರೆ ಅವರ ಪಾಠಗಳನ್ನು ಎರಡೇ ದಿನಗಳಲ್ಲಿ ಗುಡ್ಡೆ ಹಾಕಬೇಕು. ಸೋಮವಾರ ಒಂದೇ ವಿಷಯವನ್ನು ಮೂರು ಗಂಟೆ ಕೇಳಿದ ಮಕ್ಕಳ ಕಣ್ಣುಗಳನ್ನು ನೋಡಿದವರಿಗೆ ಅದರ ಫಲ ಗೊತ್ತು. ಅತಿಥಿ ಯಾರು, ಎಲ್ಲಿಂದ ಬರುತ್ತಾರೆ ಎಂಬುದು ಮೊದಲೇ ತಿಳಿದಿದ್ದರೆ ಇದನ್ನೂ ತಪ್ಪಿಸಬಹುದಿತ್ತು.

ಇನ್ನು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೊದಲ ನಾಲ್ಕೈದು ವರ್ಷ ನಾನು ಎಲ್ಲಿಯೂ ಒಂದರ ಮೇಲೊಂದು ಬೀಳದ ಚೊಕ್ಕ ವೇಳಾಪಟ್ಟಿ ಬರೆದು ಹೆಮ್ಮೆಪಡುತ್ತಿದ್ದೆ. ಬೆಳಿಗ್ಗೆ 9.30ಕ್ಕೆ ಮೊದಲ ಪಿರಿಯಡ್, ಸಂಜೆ 4 ಗಂಟೆಗೆ ಕೊನೆಯದು. ಒಂದು ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಕಾರಿಡಾರಿನಲ್ಲಿ ಹೋಗುತ್ತಿದ್ದಾಗ, ಅರವತ್ತು ಮಂದಿಯ ತರಗತಿಯಲ್ಲಿ ಮೂವರನ್ನು ಕೂರಿಸಿಕೊಂಡು ಹಿಂದಿಯ ಅತಿಥಿ ಉಪನ್ಯಾಸಕಿ ಬೋರ್ಡಿನ ಮೇಲೆ ಶ್ರದ್ಧೆಯಿಂದ ಬರೆಯುತ್ತಿದ್ದರು. ಆ ಮೂವರೂ ಕಾಲೇಜಿನ ಹಿಂದಿನ ಓಣಿಯವರು. ಉಳಿದವರೆಲ್ಲಿ ಎಂದರೆ, ಎರಡೂವರೆಯ ಬಸ್ಸಿಗೆ ಹೋದರು; ಅದು ತಪ್ಪಿದರೆ ಮುಂದಿನದು ಆರು ಗಂಟೆಗೆ, ಊರು ಮುಟ್ಟುವಷ್ಟರಲ್ಲಿ ಕತ್ತಲೆ.

ಮುಂದಿನ ವರ್ಷ ಪ್ರತಿ ವಿದ್ಯಾರ್ಥಿಯಿಂದ ಒಂದು ಚೀಟಿ ಬರೆಯಿಸಿಕೊಂಡೆ: ಊರು ಯಾವುದು, ಬೆಳಿಗ್ಗೆ ಬಸ್ಸು ಎಷ್ಟಕ್ಕೆ, ಕಾಲೇಜು ಮುಟ್ಟುವುದು ಎಷ್ಟಕ್ಕೆ, ಹೊರಡಬೇಕಾದದ್ದು ಎಷ್ಟಕ್ಕೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಎರಡು ಮಧ್ಯಾಹ್ನ ಕೂತು ಆ ಚೀಟಿಗಳನ್ನು ಮಾರ್ಗವಾರು ಜೋಡಿಸಿದೆವು. ಒಬ್ಬ ಹುಡುಗ 'ಬಸ್ಸು 8.40, ನಿಲ್ಲಿಸಿದರೆ' ಎಂದು ಬರೆದಿದ್ದ. ಬಹಳ ಹುಡುಗಿಯರು ಬೆಳಗಿನ ಹೊತ್ತಿನ ಎದುರು 'ಕಂಡಿಕೆ ಸುತ್ತಿ ಬರಬೇಕು' ಎಂದು ಬರೆದಿದ್ದರು. ಲಾಳಿಯೊಳಗೆ ಇಡುವ ನೂಲನ್ನು ಕಂಡಿಕೆಗೆ ಸುತ್ತಿಟ್ಟೇ ಮನೆ ಬಿಡಬೇಕೆಂಬ ಅದರ ಅರ್ಥವನ್ನು ಮನೆಯಲ್ಲಿ ಮಗ್ಗವಿರುವವರಿಗೆ ಹೇಳಬೇಕಾಗಿಲ್ಲ. ಚೀಟಿಗಳನ್ನು ಜೋಡಿಸಿದಾಗ ಕಂಡದ್ದೇನೆಂದರೆ, 10 ಗಂಟೆ 15 ನಿಮಿಷಕ್ಕೆ ಮೊದಲು ಅರ್ಧ ಕಾಲೇಜು ಬಂದಿರುವುದೇ ಇಲ್ಲ, ಎರಡೂ ಕಾಲರ ನಂತರ ಇರುವುದೂ ಇಲ್ಲ. ಪ್ರಾಂಶುಪಾಲರನ್ನು ಒಪ್ಪಿಸಿ, ಎಲ್ಲರೂ ಕೂಡುವ ಭಾಷಾ ಪಾಠಗಳನ್ನೂ ದೊಡ್ಡ ವಿಷಯಗಳನ್ನೂ ಈ ನಾಲ್ಕು ಗಂಟೆಗಳೊಳಗೆ ಬಿಗಿದು, ಊಟದ ಬಿಡುವನ್ನು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವಷ್ಟಕ್ಕೆ ಇಳಿಸಿ, ಊರಿನ ಮಕ್ಕಳೇ ಹೆಚ್ಚಾಗಿದ್ದ ಕಂಪ್ಯೂಟರ್ ಪ್ರಾಕ್ಟಿಕಲ್ ಬ್ಯಾಚುಗಳನ್ನು ದಿನದ ಕೊನೆಗೆ ತಳ್ಳಿದೆವು. ಹಾಜರಾತಿ ಒಂದೇ ತಿಂಗಳಲ್ಲಿ ಸುಧಾರಿಸಿತು. ಎರಡು ವರ್ಷಗಳ ನಂತರ ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರು ಕಾಲೇಜು 9.30ಕ್ಕೆ ಏಕೆ ಆರಂಭವಾಗುತ್ತಿಲ್ಲವೆಂದು ಲಿಖಿತ ವಿವರಣೆ ಕೇಳಿದರು. ವ್ಯವಸ್ಥೆ ಮೊದಲಿನಂತಾಯಿತು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ದೂರದ ಹಳ್ಳಿಗಳಿಂದ ಹೆಣ್ಣುಮಕ್ಕಳು ಬರುವುದು ಹೆಚ್ಚಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟರಮಟ್ಟಿಗೆ ಬಸ್ಸಿನ ವೇಳೆಗೂ ತರಗತಿಯ ವೇಳೆಗೂ ಇರುವ ನಂಟು ಇನ್ನೂ ಬಿಗಿಯಾಗಿದೆ. ತುಂಬಿದ ಬಸ್ಸು ಮೂರನೆಯ ಹಳ್ಳಿಯಲ್ಲಿ ನಿಲ್ಲದೆ ಹೋದರೆ ಆ ಹಳ್ಳಿಯವರ ಮೊದಲ ಎರಡು ಪಿರಿಯಡ್ ಹೋದಂತೆಯೇ.

ಋತುಮಾನದ ಮಾತನ್ನೂ ಹೇಳಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದ್ದು ಎಲ್ಲರ ನೆನಪಿನಲ್ಲಿದೆ. ಆದರೆ ಅಂಥ ಮಹಾಪೂರವಿಲ್ಲದ ವರ್ಷಗಳಲ್ಲಿಯೂ ಘಟಪ್ರಭೆ ತುಂಬಿದಾಗ ಢವಳೇಶ್ವರದಂಥ ಕಡೆ ಸೇತುವೆ ಮುಳುಗಿ ದಾರಿ ಕಟ್ಟಾಗುತ್ತದೆ. ನವೆಂಬರ್ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದರೆ, ಟ್ರ್ಯಾಕ್ಟರ್ ಓಡಿಸಲು ಬಲ್ಲ ಹುಡುಗರು ರಾತ್ರಿ ಸರದಿಯಲ್ಲಿ ನಿಂತು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ (ಭೂತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗಬೇಡಿರೆಂದು ಹೇಳುವ ಧೈರ್ಯ ನನಗಂತೂ ಇರಲಿಲ್ಲ, ನಾನೇ ಹೋಗುತ್ತಿದ್ದೆ. ಇವೆಲ್ಲ ಪ್ರತಿ ವರ್ಷ ಬರುವಂಥವು. ಆದ್ದರಿಂದಲೇ ಮೊದಲೇ ಲೆಕ್ಕ ಹಾಕಲು ಬರುವಂಥವು. ಹೊಳೆ ಏರುವ ವಾರಗಳಲ್ಲಿ ಕಿರುಪರೀಕ್ಷೆ ಇಡದಿರುವುದು, ಕಬ್ಬಿನ ಹಂಗಾಮು ಬಿರುಸಾಗುವ ಮುನ್ನವೇ ಕಠಿಣ ಘಟಕಗಳನ್ನು ಮುಗಿಸುವುದು ಕಾಲೇಜಿನ ಕೈಯಲ್ಲಿಯೇ ಇರುವ ಕೆಲಸ, ಆದರೆ ವಿಶ್ವವಿದ್ಯಾಲಯದ ಶೈಕ್ಷಣಿಕ ವೇಳಾಪಟ್ಟಿ ಸಾಕಷ್ಟು ಮೊದಲೇ ಕೈಸೇರಿದರೆ ಮಾತ್ರ. ಅದು ಸೆಮಿಸ್ಟರ್ ಆರಂಭಕ್ಕೆ ನಾಲ್ಕು ದಿನ ಮುಂಚೆ ಬಂದು, ನಡುವೆ ಎರಡು ಸಲ ತಿದ್ದುಪಡಿಯಾದರೆ ಯಾವ ಯೋಜನೆಯೂ ನಿಲ್ಲುವುದಿಲ್ಲ.

ಪಠ್ಯಕ್ರಮದ ಬದಲಾವಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವುದು ಮೇಲೆಂಬ ಚರ್ಚೆಗೆ ಬೇರೆಯವರಿದ್ದಾರೆ. ವೇಳಾಪಟ್ಟಿ ಬರೆಯುವವನಿಗೆ ಮಾತ್ರ 2024-25ರಲ್ಲಿ ಮೊದಲ ವರ್ಷಕ್ಕೊಂದು ರೀತಿ, ಉಳಿದೆರಡು ವರ್ಷಗಳಿಗೆ ಇನ್ನೊಂದು ರೀತಿ ಎಂದು ಒಂದೇ ಹಾಳೆಯ ಮೇಲೆ ಎರಡು ಸಂಸಾರ ಹೂಡಬೇಕಾಯಿತು.

ಕಾಲೇಜುಗಳಿಗೆ ಸ್ವಾತಂತ್ರ್ಯ ಕೊಟ್ಟರೆ ಉಪನ್ಯಾಸಕರು ಎರಡು ಗಂಟೆಗೇ ಮನೆ ಸೇರುತ್ತಾರೆ ಎಂಬ ಆಕ್ಷೇಪ ಬರುವುದು ನನಗೆ ಗೊತ್ತು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16, ಸಹ ಪ್ರಾಧ್ಯಾಪಕರಿಗೆ 14 ಗಂಟೆ ನೇರ ಬೋಧನೆ ಎಂದು ಯುಜಿಸಿಯ 2018ರ ನಿಯಮದಲ್ಲಿಯೇ ಇದೆ. ಆ ಗಂಟೆಗಳನ್ನು ಎಳ್ಳಷ್ಟೂ ಕಡಿಮೆ ಮಾಡಬೇಡಿ, ಅವುಗಳ ಹೊತ್ತನ್ನು ಆರಿಸುವ ಅಧಿಕಾರವನ್ನಷ್ಟೇ ಕೊಡಿ. ಲೆಕ್ಕ ಬೇಕಾದರೆ, ಪ್ರತಿ ವಿಷಯದಲ್ಲಿ ಆ ತಿಂಗಳು ನಡೆಯಬೇಕಾಗಿದ್ದ ತರಗತಿಗಳೆಷ್ಟು, ನಡೆದವೆಷ್ಟು ಎಂಬುದನ್ನು ತಿಂಗಳ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಹಾಕುವುದನ್ನು ಕಡ್ಡಾಯ ಮಾಡಲಿ. ಈಗ ನಾವು ವಿದ್ಯಾರ್ಥಿಯ ಹಾಜರಾತಿ ಶೇ. 75 ಇದೆಯೇ ಎಂದಷ್ಟೇ ನೋಡುತ್ತೇವೆ. ನಡೆಯಬೇಕಾದ 64 ಗಂಟೆಗಳಲ್ಲಿ 36 ಮಾತ್ರ ನಡೆದರೂ, ಅದರಲ್ಲಿ 27ಕ್ಕೆ ಬಂದವನ ಹಾಜರಾತಿ ಶೇ. 75 ಆಗುತ್ತದೆ, ಅವನು ಕೇಳಿದ ಪಾಠ ಅರ್ಧಕ್ಕಿಂತಲೂ ಕಡಿಮೆಯೆಂಬುದು ಯಾವ ರಿಜಿಸ್ಟರಿನಲ್ಲಿಯೂ ಕಾಣುವುದಿಲ್ಲ.

ತಮ್ಮ ಪತ್ರಿಕೆಗೆ ಒಂದು ವಿನಂತಿ. ಮುಂದಿನ ಸೆಮಿಸ್ಟರ್ ಆರಂಭವಾದ ದಿನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಕೆಲವು ಸರ್ಕಾರಿ ಕಾಲೇಜುಗಳಿಗೆ ತಮ್ಮ ವರದಿಗಾರರು ಹೋಗಿ, ನೋಟಿಸ್ ಬೋರ್ಡಿನ ಮೇಲಿನ ವೇಳಾಪಟ್ಟಿಯಲ್ಲಿ ಎಷ್ಟು ಮನೆಗಳಲ್ಲಿ 'ಅ.ಉ.' ಎಂದಿದೆಯೆಂದು ಎಣಿಸಿಕೊಂಡು ಬರಲಿ. ಐದು ವಾರ ಬಿಟ್ಟು ಅದೇ ಬೋರ್ಡುಗಳನ್ನು ಮತ್ತೊಮ್ಮೆ ನೋಡಿ, ಎರಡೂ ಎಣಿಕೆಗಳನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಹ ಪ್ರಾಧ್ಯಾಪಕ,
ರಬಕವಿ-ಬನಹಟ್ಟಿ, ಬಾಗಲಕೋಟೆ ಜಿಲ್ಲೆ